ಹೊರಬಂದ ಮೇಲಿನ ಬ್ರಿಟನ್



ಐರೋಪ್ಯ ಒಕ್ಕೂಟವನ್ನು ಬಿಟ್ಟದ್ದು ಸರಿಯೋ ತಪ್ಪೋ ಎಂದು ಇಂದು ಬ್ರಿಟನ್ನಿನವರನ್ನು ಕೇಳಿದರೆ, ತಪ್ಪು ಎನ್ನುವವರೇ ಹೆಚ್ಚು. ಕೆಲವು ವರ್ಷಗಳಿಂದ ಸಮೀಕ್ಷೆಗಳು ಇದನ್ನೇ ಹೇಳುತ್ತಿವೆ. ಆದರೂ ಮರಳಿ ಸೇರುತ್ತೇವೆಂದು ಆ ದೇಶ ಅರ್ಜಿ ಹಾಕಿಲ್ಲ. ಇಷ್ಟೊಂದು ಪಶ್ಚಾತ್ತಾಪ ಇದ್ದೂ ಕಾಲು ಏಕೆ ಮುಂದೆ ಹೋಗುತ್ತಿಲ್ಲ?

2016ರ ಜೂನ್ 23ರ ಜನಮತಗಣನೆಯಲ್ಲಿ ಹೊರಬರೋಣ ಎಂದವರು ಶೇ. 51.9. ಆದರೆ ಸ್ಕಾಟ್ಲೆಂಡ್ ಶೇ. 62ರಷ್ಟು ಉಳಿಯಲು ಮತ ಹಾಕಿತ್ತು. ಆ ಪ್ರಚಾರದಲ್ಲಿ ಊರೂರು ಸುತ್ತಿದ ಕೆಂಪು ಬಸ್ಸಿನ ಮೇಲೆ, ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಎಂದು ಬರೆದಿತ್ತು. ಲೆಕ್ಕ ತಪ್ಪು. 1984ರಲ್ಲಿ ಅಂದಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಜಗಳವಾಡಿ ಪಡೆದ ರಿಯಾಯಿತಿಯನ್ನು ಹಣ ಕಳಿಸುವ ಮೊದಲೇ ಕಳೆಯಲಾಗುತ್ತಿತ್ತು. ಬಸ್ಸು ಅದನ್ನು ಹೇಳಲಿಲ್ಲ.

ಮೀನುಗಾರರ ಕಥೆಯನ್ನೇ ನೋಡಿ. ನಮ್ಮ ಸಮುದ್ರ ನಮಗೆ ಎಂದು ಉತ್ಸಾಹದಿಂದ ಮತ ಹಾಕಿದವರಲ್ಲಿ ಅವರೇ ಮುಂದು. ಆದರೆ ಅವರು ಹಿಡಿದದ್ದರಲ್ಲಿ ದೊಡ್ಡ ಪಾಲನ್ನು ತಿನ್ನುವವರು ಫ್ರಾನ್ಸ್, ಸ್ಪೇನ್ ಮುಂತಾದ ಯುರೋಪಿನ ದೇಶಗಳವರು. 2021ರ ಜನವರಿಯಿಂದ ಪ್ರತಿ ಸರಕಿಗೂ ಅಧಿಕೃತ ಸಹಿಯಿರುವ ಆರೋಗ್ಯ ಪ್ರಮಾಣಪತ್ರ ಬೇಕಾಯಿತು. ತಾಜಾ ಮೀನು ಕಾಗದಕ್ಕಾಗಿ ಕಾಯುತ್ತದೆಯೇ? ಅದೇ ತಿಂಗಳು ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ಲಾರಿಗಳನ್ನು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಗೇ ತಂದು ನಿಲ್ಲಿಸಿದರು. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುವಂಥ ಚಿಪ್ಪುಜೀವಿಗಳ ಪಾಡು ಇನ್ನೂ ಕಷ್ಟ. ಅತಿ ಶುದ್ಧವೆಂದು ವರ್ಗೀಕರಿಸದ ನೀರಿನಲ್ಲಿ ಬೆಳೆದವನ್ನು ಮೊದಲು ಜೀವಂತವಾಗಿ ಕಳಿಸಿ ಯುರೋಪಿನಲ್ಲೇ ಶುದ್ಧೀಕರಿಸುತ್ತಿದ್ದರು. ಹೊರಗಿನ ದೇಶಕ್ಕೆ ಆ ಅನುಮತಿ ಇಲ್ಲ. ಇಷ್ಟಾದ ಮೇಲೆ 2025ರ ಮೇ ತಿಂಗಳ ಒಪ್ಪಂದದಲ್ಲಿ ಯುರೋಪಿನ ದೋಣಿಗಳಿಗೆ ಬ್ರಿಟನ್ನಿನ ನೀರಿನಲ್ಲಿ 2038ರವರೆಗೆ ಪ್ರವೇಶ ಕೊಡಲಾಯಿತು.

ದೊಡ್ಡ ಲೆಕ್ಕ ಹೇಳುವುದಾದರೆ, ಉಳಿದಿದ್ದರೆ ಇರುತ್ತಿದ್ದುದಕ್ಕಿಂತ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ. 4ರಷ್ಟು ಕಡಿಮೆಯಾಗುತ್ತದೆ ಎಂಬುದು ಅಲ್ಲಿನ ಅಧಿಕೃತ ಆರ್ಥಿಕ ಮುನ್ಸೂಚನಾ ಸಂಸ್ಥೆಯ ಅಂದಾಜು. ವಲಸೆ ಇಳಿಯುತ್ತದೆಂಬ ಮಾತೂ ಮೊದಲ ವರ್ಷಗಳಲ್ಲಿ ಉಳಿಯಲಿಲ್ಲ. ಯುರೋಪಿನವರು ಕಡಿಮೆಯಾದರು, ಭಾರತ, ನೈಜೀರಿಯಾಗಳಿಂದ ಹೋದವರು ಹೆಚ್ಚಾದರು.

ಹಾಗಾದರೆ ಮರಳಬಾರದೇ? ಇಲ್ಲೇ ತೊಡಕು. ಬ್ರಿಟನ್ ಬಿಟ್ಟುಕೊಟ್ಟದ್ದು ಸಾಮಾನ್ಯ ಸದಸ್ಯತ್ವವನ್ನಲ್ಲ. ಯೂರೋ ನಾಣ್ಯ ಬೇಡ, ಗಡಿರಹಿತ ಸಂಚಾರದ ಷೆಂಗೆನ್ ವಲಯ ಬೇಡ, ಮೇಲೆ ಥ್ಯಾಚರ್ ರಿಯಾಯಿತಿ. ಇಷ್ಟೆಲ್ಲ ಸವಲತ್ತಿನೊಂದಿಗೆ ಅದು ಒಳಗಿತ್ತು. ಹೊಸದಾಗಿ ಬಾಗಿಲು ತಟ್ಟಿದವರಿಗೆ ಅವು ಮತ್ತೆ ಸಿಗುವುದು ಕಷ್ಟ; 27 ದೇಶಗಳೂ ಒಪ್ಪಬೇಕು. ಬಸ್ಸು ಬಚ್ಚಿಟ್ಟ ರಿಯಾಯಿತಿಯೇ ಇಂದು ಮರಳುವ ದಾರಿಗೆ ಅಡ್ಡ ಬಿದ್ದಿದೆ. 2024ರಲ್ಲಿ ಗೆದ್ದ ಲೇಬರ್ ಪಕ್ಷ ಕೂಡ ಒಕ್ಕೂಟದ ಏಕ ಮಾರುಕಟ್ಟೆಗೆ ಮರಳುವುದಿಲ್ಲ ಎಂದೇ ಮತ ಕೇಳಿತು.

ಹೊರಬರಲು ಮತ ಹಾಕಿದವರನ್ನು ಮೂರ್ಖರೆನ್ನುವ ಚಾಳಿ ನಮ್ಮ ಪತ್ರಿಕೆಗಳಲ್ಲೂ ಇದೆ. ನಾನು ಒಪ್ಪುವುದಿಲ್ಲ. ಜನರಿಗೆ ಈ ಪ್ರಶ್ನೆ ಕೇಳಿದ ಅಂದಿನ ಪ್ರಧಾನಿ ಡೇವಿಡ್ ಕ್ಯಾಮರೂನ್ ಸರ್ಕಾರ, ಹೊರಬಂದರೆ ಮುಂದೇನು ಎಂಬ ಸಿದ್ಧತೆಯನ್ನು ಅಧಿಕಾರಿಗಳಿಂದ ಮಾಡಿಸಲೇ ಇಲ್ಲ. ಫಲಿತಾಂಶ ಬಂದ ಬೆಳಿಗ್ಗೆಯೇ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು. ದೊಡ್ಡ ತಪ್ಪು ಅವರದ್ದು.