ಹೆಬ್ಬೆಟ್ಟು ಒತ್ತಿದ ಪ್ರಗತಿ ಪತ್ರ

(ಶಿಕಾರಿಪುರ-ಸೊರಬ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ನಾನು ಆರನೇ ಕ್ಲಾಸಿನಲ್ಲಿ ಹೇಳಿದ ಒಂದು ಸುಳ್ಳಿನಿಂದ ಶುರು ಮಾಡ್ತೀನಿ. ಪ್ರಗತಿ ಪತ್ರದಲ್ಲಿ ಗಣಿತದ ಅಂಕದ ಕೆಳಗೆ ಮೇಷ್ಟ್ರು ಕೆಂಪು ಗೆರೆ ಎಳೆದಿದ್ದರು. ಗದ್ದೆಯಿಂದ ಬಂದ ಅಪ್ಪ "ಇದೇನೋ ಕೆಂಪಗೆ?" ಅಂದ. "ಚೆನ್ನಾಗಿ ಮಾಡಿದೋರಿಗೆ ಹಾಕ್ತಾರೆ ಕಣಪ್ಪ" ಅಂದೆ. ಅಪ್ಪ ಹೆಬ್ಬೆಟ್ಟು ಒತ್ತಿದ. ಅವ್ವ ಕೇರಿಗೆಲ್ಲ ಹೇಳಿಕೊಂಡು ಬಂದಳು. ಏಳನೇ ಕ್ಲಾಸಿನಲ್ಲಿ ಫೇಲಾದೆ. ಅಪ್ಪ ಹೊಡೆಯಲಿಲ್ಲ. "ನೀನೇ ಓದಿ ಹೇಳಿದ್ಯಲ್ಲೋ" ಅಂದ, ಅಷ್ಟೆ.

ತಪ್ಪು ನನ್ನದು, ಒಪ್ಪಿದೆ. ಆದರೆ ಯಾವ ಹುಡುಗನ ಮೇಲೆ ವರದಿ ಬರೆದಿದೆಯೋ ಅವನ ಕೈಲೇ ಅದನ್ನು ಓದಿಸುವುದು ಎಂಥ ಏರ್ಪಾಡು? ಹೆಬ್ಬೆಟ್ಟು ಬಿದ್ದರೆ ಶಾಲೆಯ ಕೆಲಸ ಮುಗೀತು.

ಅಪ್ಪನನ್ನು ಶಾಲೆಗೆ ಕರೆಸಿದ್ದು ಒಂದೇ ಸಲ. ನಾಟಿ ಕಾಲ. ಒಂದು ದಿನದ ಕೂಲಿ ಬಿಟ್ಟು ಹೋಗಿ ಬಾಗಿಲ ಹೊರಗೆ ನಿಂತ. "ಇವನನ್ನ ದನ ಕಾಯಾಕೆ ಹಾಕು" ಅನ್ನಿಸಿಕೊಂಡು ಬಂದ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅದಕ್ಕೂ ಮಾತು ಬಂತು: "ಈ ಜನಕ್ಕೆ ಮಕ್ಕಳ ಓದಿನ ಮೇಲೆ ಆಸಕ್ತಿಯೇ ಇಲ್ಲ!"

ಈಗ ಕಾನೂನು ನಮ್ಮ ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಓದಿ. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ, ಇದನ್ನೆಲ್ಲ ಪೋಷಕರೊಂದಿಗೆ ನಿಯಮಿತವಾಗಿ ಸಭೆ ಸೇರಿ ತಿಳಿಸುವುದು ಶಿಕ್ಷಕರ ಕರ್ತವ್ಯ. ಉಪಕಾರ ಅಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ 2001ರಲ್ಲೇ ಬಂತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು, ತುಳಿತಕ್ಕೆ ಸಿಕ್ಕವರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು ಅನ್ನುತ್ತೆ ಅದೇ ಕಾಯ್ದೆ. ಆದರೆ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ? ನಿಮ್ಮವ್ವ ಆಗ ಶುಂಠಿ ಹೊಲದಲ್ಲಿರ್ತಾಳೆ. ತಾಂಡಾದ ಗಂಡ-ಹೆಂಡಿರು ಕಾಫಿ ತೋಟಕ್ಕೆ ಹೋಗಿರ್ತಾರೆ, ಮನೆಯಲ್ಲಿ ಮುದುಕಿ ಒಬ್ಬಳೇ. ಅವಳನ್ನು ಯಾರು ಕರೀತಾರೆ?

ಅಂಕ ಹೋಗಿ ಎ ಪ್ಲಸ್, ಬಿ, ಸಿ ಅಂತ ಬಂದರೂ ಅವ್ವನಿಗೆ ಅದೂ ಕೆಂಪು ಗೆರೆಯೇ. ಮೇಷ್ಟ್ರು ಸಂಜೆ ಕೇರಿಗೆ ಬರಲಿ. ಜಗುಲಿ ಮೇಲೆ ಕೂತು, ಕೊಟ್ಟ ನೀರು ಕುಡಿಯಲಿ. (ಅರ್ಧ ಮಾತು ಅಲ್ಲೇ ಮುಟ್ಟುತ್ತೆ.) ಜೂನ್ ತಿಂಗಳ ಕಾಪಿ, ಈಗಿನ ಕಾಪಿ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಲಿ, ಇದಕ್ಕೆ ಅಕ್ಷರ ಬೇಕಿಲ್ಲ, ಕಣ್ಣು ಸಾಕು. ಮಗು ಅಲ್ಲೇ ಜೋರಾಗಿ ಓದಲಿ. ತಡವರಿಸಿದರೆ ಅವ್ವನಿಗೆ ಕಿವಿಯಲ್ಲೇ ಗೊತ್ತಾಗುತ್ತೆ. ಬಂದದ್ದನ್ನು ಮೊದಲು ಹೇಳಲಿ, ಬಾರದ್ದನ್ನು ಆಮೇಲೆ ಹೇಳಲಿ, ಮುಂದೆ ತಾವೇನು ಮಾಡ್ತೀವಿ ಅನ್ನೋದನ್ನೂ ಹೇಳಲಿ. ರಾತ್ರಿ ಓದಲು ದೀಪ ಇದೆಯಾ, ಬೆಳಿಗ್ಗೆ ಮಗುವಿಗೆ ಏನು ಕೆಲಸ ಅಂತ ಕೇಳಲಿ. ಹೀಗೆ ಬರುವ ಮೇಷ್ಟ್ರುಗಳೂ ಇದ್ದಾರೆ, ಇಲ್ಲ ಅಂದರೆ ಸುಳ್ಳಾಗುತ್ತೆ.

ರಜೆಗೆ ಊರಿಗೆ ಹೋದಾಗ ಕೇರಿಯ ಮಕ್ಕಳ ಕಾರ್ಡುಗಳನ್ನು ಅವರ ಅಪ್ಪ-ಅವ್ವನ ಎದುರಿಗೆ ನೀವು ಓದಿ, ಇದ್ದದ್ದು ಇದ್ದ ಹಾಗೆ. ಮಗು ಏಟು ತಿನ್ನದ ಹಾಗೆ ನೋಡಿಕೊಳ್ಳಿ. ಪೋಷಕರ ಸಭೆಯನ್ನು ಸಂಜೆ ಕರೆಯಿರಿ ಅಂತ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ. ಅವ್ವನ ಜೊತೆ ಹೋಗಿ ಒಳಗೆ ಕೂರಿ, ಬಾಗಿಲಲ್ಲಿ ನಿಲ್ಲಬೇಡಿ. ಅರ್ಜಿ ಬರೆಯೋದು ಹೇಗೆ ಅನ್ನೋರು ಊಟ ಆದ ಮೇಲೆ ಬನ್ನಿ, ಇಲ್ಲೇ ಕೂತು ಬರೆಯೋಣ.