ಪುಟ್ಟ ಮಕ್ಕಳಿಗೆ ಐನ್‌ಸ್ಟೈನ್



ಐನ್‌ಸ್ಟೈನರು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಮಂಡಿಸಿದ್ದು 1915ರಲ್ಲಿ. ನೂರು ವರ್ಷ ದಾಟಿದೆ. ಆದರೂ ಶಾಲೆಯಲ್ಲಿ ಭೌತವಿಜ್ಞಾನ ಶುರುವಾಗುವುದು ನ್ಯೂಟನ್ನನಿಂದ. ಎಷ್ಟೋ ಮಕ್ಕಳಿಗೆ ಮುಗಿಯುವುದೂ ಅಲ್ಲೇ. ‘ಸಾಪೇಕ್ಷತೆಯೆಲ್ಲ ಮಕ್ಕಳ ತಲೆಗೆ ಹತ್ತುವುದಿಲ್ಲ’ ಎಂಬ ನಂಬಿಕೆ ಬೆಳೆದದ್ದು ಹೇಗೆ?

1919ರ ಸೂರ್ಯಗ್ರಹಣದಲ್ಲಿ ನಕ್ಷತ್ರದ ಬೆಳಕು ಈ ಸಿದ್ಧಾಂತ ಹೇಳಿದಂತೆಯೇ ಬಾಗುವುದನ್ನು ಅಳೆದಾಗ ಐನ್‌ಸ್ಟೈನ್ ಮನೆಮಾತಾದರು. ಜೊತೆಗೇ, ಈ ಸಿದ್ಧಾಂತ ಬೆರಳೆಣಿಕೆಯ ಪಂಡಿತರಿಗಷ್ಟೇ ಅರ್ಥವಾಗುತ್ತದೆಂಬ ಮಾತನ್ನೂ ಪತ್ರಿಕೆಗಳು ಹಬ್ಬಿಸಿದವು. ದೊಡ್ಡವರೇ ಹೆದರಿದ ಮೇಲೆ ಮಕ್ಕಳ ಪಾಡೇನು!

ಆದರೆ ಐನ್‌ಸ್ಟೈನರಿಗೇ ಮಕ್ಕಳ ಬಗ್ಗೆ ಕುತೂಹಲವಿತ್ತು. 1928ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಮನೋವಿಜ್ಞಾನಿ ಜೀನ್ ಪಿಯಾಜೆ ಅವರನ್ನು ಕೇಳಿದರು: ಮಗುವಿಗೆ ಮೊದಲು ತಿಳಿಯುವುದು ಕಾಲವೋ, ವೇಗವೋ? ನ್ಯೂಟನ್ನನ ಲೆಕ್ಕದಲ್ಲಿ ದೂರ, ಕಾಲ ಮೊದಲು, ವೇಗ ಆಮೇಲೆ. ಸಾಪೇಕ್ಷತೆಯಲ್ಲಿ ಬೆಳಕಿನ ವೇಗವೇ ಅಡಿಪಾಯ. ಪಿಯಾಜೆ ಮಕ್ಕಳ ಮುಂದೆ ಆಟಿಕೆಗಳನ್ನು ಓಡಿಸಿ ನೋಡಿ, 1946ರಲ್ಲಿ ಪುಸ್ತಕಗಳನ್ನೇ ಪ್ರಕಟಿಸಿದರು. ಕಾಲದ ಲೆಕ್ಕ ಬಾರದ ಮಗುವೂ ಯಾವುದು ಯಾವುದನ್ನು ಹಿಂದೆ ಹಾಕಿತೆಂದು ನೋಡಿ ವೇಗವನ್ನು ಗ್ರಹಿಸುತ್ತದೆ ಎಂದು ಕಂಡುಕೊಂಡರು. ವಿಚಿತ್ರವೆಂದರೆ, ಹನ್ನೊಂದು ಹನ್ನೆರಡು ವರ್ಷಕ್ಕೆ ಮುಂಚೆ ಅಮೂರ್ತ ಚಿಂತನೆ ಬಲಿಯುವುದಿಲ್ಲ ಎಂಬ ಅವರದೇ ಇನ್ನೊಂದು ವಿಚಾರ, ಮುಂದೆ ಕಠಿಣ ವಿಷಯಗಳನ್ನು ಮುಂದೂಡಲು ನೆಪವಾಯಿತು.

1957ರಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಹಾರಿತು. ಹಿಂದೆ ಬಿದ್ದೆನೆಂದು ಅಮೆರಿಕ ತನ್ನ ವಿಜ್ಞಾನ ಪಾಠಗಳನ್ನು ತಿದ್ದಲು ಹೊರಟಿತು. 1960ರಲ್ಲಿ ಅಲ್ಲಿನ ಮನೋವಿಜ್ಞಾನಿ ಜೆರೋಮ್ ಬ್ರೂನರ್, ಯಾವ ವಿಷಯವನ್ನಾದರೂ ಪ್ರಾಮಾಣಿಕವಾದ ಒಂದು ರೂಪದಲ್ಲಿ ಯಾವ ವಯಸ್ಸಿನ ಮಗುವಿಗೂ ಕಲಿಸಬಹುದು ಎಂದು ವಾದಿಸಿದರು. ದಶಕಗಳ ಬಳಿಕ ಈ ಮಾತನ್ನು ಐನ್‌ಸ್ಟೈನರ ವಿಷಯದಲ್ಲೇ ಪರೀಕ್ಷೆಗೆ ಒಡ್ಡಿದವರಲ್ಲಿ ಆಸ್ಟ್ರೇಲಿಯಾದ ಗುರುತ್ವ ಅಲೆಗಳ ಸಂಶೋಧಕ ಡೇವಿಡ್ ಬ್ಲೇರ್ ಮತ್ತು ಸಂಗಡಿಗರು ಮುಖ್ಯರು. ಪರ್ತ್ ಕಡೆಯ ಆರನೆಯ ತರಗತಿಯ ಮಕ್ಕಳಿಂದ ಮೊದಲುಮಾಡಿ, ಹಿಗ್ಗುವ ಬಟ್ಟೆಯನ್ನು ಬಿಗಿದು, ನಡುವೆ ಭಾರವಿಟ್ಟು, ಗೋಲಿ ಉರುಳಿಸಿ ಐನ್‌ಸ್ಟೈನರು ಗುರುತ್ವಕ್ಕೆ ಕಾರಣವೆಂದ ದೇಶದ (ಸ್ಪೇಸ್) ಬಾಗು ತೋರಿಸಿದರು. ಬೆಳಕಿನ ಕಣಗಳಿಗೆ ಆಟಿಕೆ ಬಂದೂಕಿನ ಗುಂಡುಗಳು. ಮಕ್ಕಳು ಉತ್ಸಾಹದಿಂದ ಕಲಿತರು; ತಿಳಿವಳಿಕೆಯೂ ಹೆಚ್ಚಿತು.

ಆಕ್ಷೇಪವೂ ಇದೆ, ಅದು ಸುಳ್ಳಲ್ಲ. ಆ ಬಟ್ಟೆ ಜಗ್ಗುವುದೇ ಭೂಮಿಯ ಸೆಳೆತದಿಂದ. ಗುರುತ್ವವನ್ನು ಗುರುತ್ವದಿಂದಲೇ ವಿವರಿಸಿದಂತಾಯಿತು. ಅಲ್ಲದೆ ಕೈಬಿಟ್ಟ ಕಲ್ಲು ನೆಲಕ್ಕೆ ಬೀಳುವುದರಲ್ಲಿ ದೇಶದ ಬಾಗಿಗಿಂತ ಕಾಲದ ಬಾಗಿನ ಪಾತ್ರವೇ ದೊಡ್ಡದು. ಬಟ್ಟೆ ಅದನ್ನು ತೋರಿಸಲಾರದು. ಅದಕ್ಕೆ ಬೇರೆ ಉದಾಹರಣೆ ಬೇಕು: ಜಿಪಿಎಸ್ ಉಪಗ್ರಹದ ಗಡಿಯಾರ ನಮ್ಮದಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ, ಅದನ್ನು ಸರಿಪಡಿಸದಿದ್ದರೆ ಮೊಬೈಲು ದಾರಿ ತಪ್ಪಿಸುತ್ತದೆ.

ಇಷ್ಟು ಕಾಲ ನಾವು ಪ್ರಶ್ನಿಸಿದ್ದು ಮಕ್ಕಳ ಶಕ್ತಿಯನ್ನು. ಬಟ್ಟೆ ಎಲ್ಲಿಯವರೆಗೆ ನಿಜ, ಎಲ್ಲಿಂದ ಸುಳ್ಳು ಎಂದು ಹೇಳಬಲ್ಲ ಮೇಷ್ಟ್ರು ಎಷ್ಟು ಶಾಲೆಗಳಲ್ಲಿದ್ದಾರೆ ಎಂದು ಕೇಳಬೇಕಿತ್ತು. ಪಠ್ಯ ಬದಲಾಗುವ ಮೊದಲು ಶಿಕ್ಷಕರ ತರಬೇತಿ ಬದಲಾಗಲಿ.