ಮಾಯೆ ಮುಂದೆ, ಮುಖ ಹಿಂದೆ?



ಚಿತ್ರಮಂದಿರದಿಂದ ಹೊರಬರುವವರ ಬಾಯಲ್ಲಿ ಈಗ ಸಾಮಾನ್ಯವಾಗಿ ಎರಡೇ ಮಾತು: ‘ಗ್ರಾಫಿಕ್ಸ್ ಬ್ರಹ್ಮಾಂಡ’ ಅಥವಾ ‘ಗ್ರಾಫಿಕ್ಸ್ ಬಿಟ್ಟರೆ ಇನ್ನೇನೂ ಇಲ್ಲ’. ಕಥೆ ಏನಾಯಿತು, ಯಾರು ಹೇಗೆ ಅಭಿನಯಿಸಿದರು ಎಂಬುದು ಆಮೇಲಿನ ವಿಚಾರ. ಈ ಜಗಳ ಕಂಪ್ಯೂಟರ್ ಬಂದ ಮೇಲೆ ಶುರುವಾಯಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಮಾಯೆ ಸಿನಿಮಾದ ಜೊತೆಗೇ ಹುಟ್ಟಿದ ಕೂಸು.

ಫ್ರಾನ್ಸಿನ ಜಾರ್ಜ್ ಮೆಲಿಯೆ ವೃತ್ತಿಯಿಂದ ಜಾದೂಗಾರ. ಪ್ಯಾರಿಸ್ಸಿನ ಬೀದಿಯೊಂದರಲ್ಲಿ ಚಿತ್ರೀಕರಿಸುತ್ತಿದ್ದಾಗ ಅವನ ಕ್ಯಾಮೆರಾ ಒಂದು ಗಳಿಗೆ ಸಿಕ್ಕಿಕೊಂಡು ನಿಂತಿತಂತೆ. ಸರಿಪಡಿಸಿ ಮತ್ತೆ ತಿರುಗಿಸಿದ. ರೀಲು ಓಡಿಸಿ ನೋಡಿದಾಗ ಜನರನ್ನು ತುಂಬಿಕೊಂಡು ಹೋಗುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಶವದ ಗಾಡಿಯಾಗಿತ್ತು! ಅವನೇ ಹೇಳಿಕೊಂಡ ಕಥೆ ಇದು. ಜಾದೂಗಾರನ ಮಾತು, ಸ್ವಲ್ಪ ಉಪ್ಪು ಖಾರ ಇದ್ದರೂ ಇರಬಹುದು. ಆದರೆ ಅದೇ ತಂತ್ರ ಹಿಡಿದು 1902ರಲ್ಲಿ ಅವನು ಚಂದ್ರಲೋಕಕ್ಕೆ ಯಾತ್ರೆ ಹೊರಟ ಚಿತ್ರ ಮಾಡಿದ್ದು ಮಾತ್ರ ದಿಟ.

ನಮ್ಮ ದಾದಾಸಾಹೇಬ್ ಫಾಲ್ಕೆಯವರಂತೂ ತಂತ್ರದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. 1919ರ ‘ಕಾಲಿಯ ಮರ್ದನ’ದಲ್ಲಿ ಅವರ ಮಗಳು ಮಂದಾಕಿನಿ ಬಾಲಕೃಷ್ಣ. ಹಾವಿನೊಡನೆ ಹೋರಾಟವೆಂದರೆ ಟ್ರಿಕ್ ಇರಲೇಬೇಕು. ಆದರೆ ಫಾಲ್ಕೆ ಚಿತ್ರವನ್ನು ಹಾವಿನಿಂದ ಆರಂಭಿಸಲಿಲ್ಲ. ಮೊದಲು ಆ ಪುಟ್ಟ ಹುಡುಗಿಯ ಮುಖವನ್ನು ಹತ್ತಿರದಿಂದ ತೋರಿಸಿದರು. ಅವಳು ನಗುತ್ತಾಳೆ, ಸಿಡುಕುತ್ತಾಳೆ, ಒಂದಾದ ಮೇಲೊಂದು ಭಾವ ತೋರುತ್ತಾಳೆ. ಅನಂತರವೇ ಅವಳು ಕೃಷ್ಣನಾಗುವುದು. ಮೊದಲು ಮುಖ, ಆಮೇಲೆ ಮಾಯೆ. ಈ ಕ್ರಮವನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಗಣಕಯಂತ್ರದ ಸುಳಿವೂ ಇಲ್ಲದ ಕಾಲದ ‘ಮಾಯಾಬಜಾರ್’ ಚಿತ್ರವನ್ನೇ ತೆಗೆದುಕೊಳ್ಳಿ. 1957ರಲ್ಲಿ ಮದರಾಸಿನ ವಿಜಯಾ ಸಂಸ್ಥೆ ತೆಲುಗು, ತಮಿಳು ಎರಡರಲ್ಲೂ ತೆಗೆದ ಚಿತ್ರ, ನಿರ್ದೇಶಕರು ಕೆ.ವಿ. ರೆಡ್ಡಿ, ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ. ಮುಂದೆ ಕನ್ನಡಕ್ಕೂ ಡಬ್ ಆಗಿ ಬಂತು. ದ್ವಾರಕೆಯೆಂದರೆ ಪುಟ್ಟ ಪುಟ್ಟ ಮನೆಗಳ ಮಾದರಿ. ದೋಣಿ ವಿಹಾರದ ಬೆಳದಿಂಗಳು ಚಂದ್ರನದಲ್ಲ, ಬಾರ್ಟ್ಲಿಯದು. ಪ್ರಿಯದರ್ಶಿನಿ ಎಂಬ ಪೆಟ್ಟಿಗೆ ತೆರೆದರೆ ನೋಡುವವರ ಮನಸ್ಸಿಗೆ ಪ್ರಿಯವಾದದ್ದು ಅದರಲ್ಲಿ ಕಾಣುತ್ತದೆ. ಶಶಿರೇಖೆ ತೆರೆದಾಗ ಅಭಿಮನ್ಯು ಕಾಣುತ್ತಾನೆ. ಅಂದರೆ ಆ ಟ್ರಿಕ್ ಹುಡುಗಿಯ ಗುಟ್ಟನ್ನು ಬಯಲು ಮಾಡುತ್ತದೆ, ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮದುವೆ ಮನೆಯ ಲಾಡುಗಳು ತಾವಾಗಿ ಹಾರಿ ಘಟೋತ್ಕಚನ ಬಾಯಿಗೆ ಬೀಳುವುದನ್ನು ಕಂಡು ಇವತ್ತಿನ ಮಕ್ಕಳೂ ಕೇಕೆ ಹಾಕುತ್ತಾರೆ. ಅದು ಬರೀ ಲಾಡಿನ ಮಹಿಮೆಯೇ? ಎಸ್.ವಿ. ರಂಗರಾವ್ ಅವರ ಆ ಹುಬ್ಬು, ಆ ಹೊಟ್ಟೆ ತುಂಬಿದ ನಗು ಇಲ್ಲದಿದ್ದರೆ ಲಾಡು ಹಾರಿದರೆಷ್ಟು, ಬಿಟ್ಟರೆಷ್ಟು?

ಆದರೆ ಆ ಚಿತ್ರದ ಅತಿ ದೊಡ್ಡ ಮಾಯೆಗೆ ಟ್ರಿಕ್ಕೇ ಇಲ್ಲ. ಘಟೋತ್ಕಚ ಶಶಿರೇಖೆಯ ರೂಪ ಧರಿಸಿ ಕೌರವರ ಬಿಡಾರದಲ್ಲಿ ಕುಳಿತಿದ್ದಾನೆ. ರೂಪ ಬದಲಾಗುವ ಆ ಒಂದು ಕ್ಷಣ ಮಾತ್ರ ಕ್ಯಾಮೆರಾದ ಕೆಲಸ. ಅಲ್ಲಿಂದ ಮುಂದಿನದೆಲ್ಲ ನಟಿ ಸಾವಿತ್ರಿಯವರ ಹೆಗಲ ಮೇಲೆ. ನಾಜೂಕಾದ ಹುಡುಗಿಯ ಸೀರೆಯೊಳಗೆ ಒಬ್ಬ ರಾಕ್ಷಸ ಇದ್ದಾನೆ ಎಂಬುದನ್ನು ಅವರು ನಡಿಗೆಯಲ್ಲಿ, ಕಣ್ಣಿನ ಗದರಿಕೆಯಲ್ಲಿ ತೋರಿಸುತ್ತಾರೆ. ಇಂದಾದರೆ ಆ ಮುಖದ ಮೇಲೆ ಗ್ರಾಫಿಕ್ಸ್ ಕೋರೆಹಲ್ಲು ಮೂಡಿಸುವ ಆಸೆ ಯಾರಿಗಾದರೂ ಬಂದೀತು. ಬಂದಿದ್ದರೆ ಸಾವಿತ್ರಿಯವರ ಅಭಿನಯ ನಷ್ಟವಾಗುತ್ತಿತ್ತು.

ಇದೇ ಮದರಾಸಿನಲ್ಲಿ ನೆಲೆಯೂರಿ ತೆಲುಗಿನಲ್ಲಿ ‘ಜಾನಪದ ಬ್ರಹ್ಮ’ ಎನಿಸಿಕೊಂಡ ಬಿ. ವಿಠಲಾಚಾರ್ಯ ಕನ್ನಡಿಗರು, ಉಡುಪಿ ಕಡೆಯ ಉದ್ಯಾವರದವರು. ಡಿ. ಶಂಕರಸಿಂಗ್ ಅವರೊಡನೆ ಮಹಾತ್ಮ ಪಿಕ್ಚರ್ಸ್ ಕಟ್ಟಿದವರು. ‘ನಾಗಕನ್ನಿಕೆ’, ‘ಜಗನ್ಮೋಹಿನಿ’ ಆ ಸಂಸ್ಥೆಯ ಹೆಸರಾದ ಚಿತ್ರಗಳು. ವಿಠಲಾಚಾರ್ಯರ ದೆವ್ವಗಳು ಸೌದೆ ಸಾಲದಿದ್ದರೆ ತಮ್ಮ ಕಾಲನ್ನೇ ಒಲೆಗಿಟ್ಟು ಅಡುಗೆ ಮಾಡುತ್ತವೆ. ಯಾವ ನಟನಾದರೂ ಸಂಭಾವನೆಗೆ ತಕರಾರು ತೆಗೆದರೆ ಆಚಾರ್ಯರು ಮುಂದಿನ ದೃಶ್ಯದಲ್ಲೇ ಋಷಿಯ ಶಾಪ ಕೊಡಿಸಿ ಆ ಪಾತ್ರವನ್ನು ಗಿಳಿಯನ್ನಾಗಿ ಮಾಡಿ, ಚಿತ್ರ ಮುಗಿಸಿಬಿಡುತ್ತಿದ್ದರು ಎಂಬ ದಂತಕಥೆ ಚಿತ್ರರಂಗದಲ್ಲಿ ಇವತ್ತಿಗೂ ಓಡಾಡುತ್ತಿದೆ. ನಗು ಬರುವ ಕಥೆಯೇ. ಆದರೂ ತಂತ್ರವೆಂಬುದು ನಟನ ಬದಲಿಗೆ ನಿಲ್ಲಬಲ್ಲದು ಎಂಬ ಎಚ್ಚರಿಕೆ ಅದರೊಳಗೆ ಅಡಗಿದೆ.

ದ್ವಿಪಾತ್ರದ ತಂತ್ರವಂತೂ ನಟನಿಗೆ ದುಪ್ಪಟ್ಟು ದುಡಿಮೆ ಕೊಡುತ್ತಿತ್ತು. ಮಸೂರದ ಅರ್ಧ ಭಾಗಕ್ಕೆ ಕಪ್ಪು ಮರೆ ಹಾಕಿ ಒಮ್ಮೆ ಚಿತ್ರೀಕರಿಸುವುದು. ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧಕ್ಕೆ ಮರೆ ಹಾಕಿ, ವೇಷ ಬದಲಿಸಿ ಮತ್ತೊಮ್ಮೆ ಚಿತ್ರೀಕರಿಸುವುದು. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗುವಂತಿಲ್ಲ, ನಟ ಗೆರೆ ದಾಟುವಂತಿಲ್ಲ. ಇಲ್ಲದ ಎದುರಾಳಿಯ ಕಣ್ಣು ಎಲ್ಲಿದೆಯೆಂದು ಊಹಿಸಿಯೇ ದಿಟ್ಟಿಸಬೇಕು. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ಡಾ. ರಾಜಕುಮಾರ್, ಮಗ ಬಭ್ರುವಾಹನನೂ ಅವರೇ. ಅಪ್ಪ ಮಗ ಎದುರುಬದುರು ನಿಂತು ಮೂದಲಿಸಿಕೊಳ್ಳುವಾಗ ನೋಡುವವರಿಗೆ ಗೆರೆಯ ಗೊಡವೆಯೇ ಇರುವುದಿಲ್ಲ.

ಹಾಲಿವುಡ್ಡಿನಲ್ಲೂ ಕಥೆ ಬೇರೆಯಲ್ಲ. 1975ರ ‘ಜಾಸ್’ ಚಿತ್ರಕ್ಕೆಂದು ಮಾಡಿಸಿದ ಯಾಂತ್ರಿಕ ಶಾರ್ಕ್ ಉಪ್ಪು ನೀರಿಗೆ ಇಳಿದದ್ದೇ ಕೆಟ್ಟು ಕೂತಿತು. ಬೇರೆ ದಾರಿಯಿಲ್ಲದೆ ಸ್ಪೀಲ್‌ಬರ್ಗ್ ಶಾರ್ಕನ್ನು ತೋರಿಸದೆಯೇ ಹೆದರಿಸಿದರು. 1993ರ ‘ಜುರಾಸಿಕ್ ಪಾರ್ಕ್’ ಕಂಪ್ಯೂಟರಿನ ದಿಗ್ವಿಜಯವೆಂದು ಪ್ರಸಿದ್ಧ. ಆದರೆ ಎರಡು ಗಂಟೆಗೂ ಮೀರಿದ ಆ ಚಿತ್ರದಲ್ಲಿ ಡೈನೋಸಾರ್‌ಗಳು ಕಾಣುವುದು ಸುಮಾರು 15 ನಿಮಿಷ; ಅದರಲ್ಲೂ ಹೆಚ್ಚಿನ ಪಾಲು ರಬ್ಬರು, ಯಂತ್ರಗಳ ಗೊಂಬೆಗಳದು. ಎದೆ ಝಲ್ಲೆನ್ನುವುದು ಲೋಟದ ನೀರು ಸಣ್ಣಗೆ ಕಂಪಿಸುವಾಗ. ಆ ಕಂಪನಕ್ಕೆ ಬಳಸಿದ್ದು ಒಂದು ಗಿಟಾರ್ ತಂತಿ!

ಈ ಮಾಯೆಯ ಕೂಲಿಕಾರರ ಸುದ್ದಿ ಮಾತ್ರ ಯಾರಿಗೂ ಬೇಡ. ಪುದುಚೇರಿಯ ಹುಡುಗ ಮತ್ತು ಹುಲಿಯ ಕಥೆಯಾದ ‘ಲೈಫ್ ಆಫ್ ಪೈ’ನಲ್ಲಿ ಹುಲಿ ಬಹುಪಾಲು ಕಂಪ್ಯೂಟರಿನದು. ಅದನ್ನು ಮೂಡಿಸಿದ ರಿದಮ್ ಅಂಡ್ ಹ್ಯೂಸ್ ಸಂಸ್ಥೆ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಅದೇ ಹುಲಿಗೆ ಆಸ್ಕರ್ ಬಂತು. ಸಮಾರಂಭದ ಹೊರಗೆ ತಂತ್ರಜ್ಞರು ಪ್ರತಿಭಟನೆ ನಡೆಸುತ್ತಿದ್ದರು.

ಇನ್ನು ಕನ್ನಡದ ಮಾತು. ವಿಷ್ಣುವರ್ಧನ್ ತೀರಿಕೊಂಡದ್ದು 2009ರ ಡಿಸೆಂಬರ್ 30ರಂದು. ಏಳು ವರ್ಷದ ಮೇಲೆ, 2016ರಲ್ಲಿ, ಕೋಡಿ ರಾಮಕೃಷ್ಣ ನಿರ್ದೇಶನದ ಹೊಸ ‘ನಾಗರಹಾವು’ ಚಿತ್ರದಲ್ಲಿ ಅವರು ತೆರೆಗೆ ಬಂದರು. ಬೇರೊಬ್ಬರ ಮೈ, ಅದರ ಮೇಲೆ ಕಂಪ್ಯೂಟರ್ ಬರೆದ ವಿಷ್ಣು ಮುಖ. ಅಭಿಮಾನಿಗೆ ಅದು ದರ್ಶನವೇ ಇರಬಹುದು. ಆ ಪ್ರೀತಿಯನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ನಟ ಎಂದರೆ ಮುಖದ ಅಚ್ಚಲ್ಲವಲ್ಲ. ಈ ಮಾತು ಹೀಗೆ ಹೇಳಲೋ ಹಾಗೆ ಹೇಳಲೋ, ಇಲ್ಲಿ ತಿರುಗಲೋ ಬೇಡವೋ ಎಂದು ಆಯ್ದುಕೊಳ್ಳುವ ಜೀವ ಅದು. ಆ ಆಯ್ಕೆ ಇಲ್ಲಿ ವಿಷ್ಣುವರ್ಧನ್ ಅವರದಾಗಿರಲಿಲ್ಲ. ಬೇಡ ಎನ್ನುವುದಕ್ಕೂ ಅವರು ಇರಲಿಲ್ಲ.

ಪುನೀತ್ ರಾಜಕುಮಾರ್ 2021ರ ಅಕ್ಟೋಬರ್‌ನಲ್ಲಿ ಅಗಲಿದಾಗ ‘ಜೇಮ್ಸ್’ ಚಿತ್ರದ ಡಬ್ಬಿಂಗ್ ಉಳಿದಿತ್ತು. 2022ರ ಮಾರ್ಚ್ 17ರಂದು ತೆರೆಕಂಡಾಗ ತಮ್ಮನ ತುಟಿಗೆ ಅಣ್ಣ ಶಿವರಾಜಕುಮಾರ್ ದನಿಯಾಗಿದ್ದರು. ಕೆಲವು ವಾರಗಳ ಬಳಿಕ ತಂತ್ರಜ್ಞಾನದಿಂದ ಪುನೀತ್ ದನಿಯನ್ನೇ ಹೊಂದಿಸಿದ ಪ್ರತಿಯೂ ಬಂತು. ಎರಡನೆಯದರಲ್ಲಿ ದನಿ ಮುಖಕ್ಕೆ ಹೊಂದುತ್ತದೆ, ಸರಿ. ಮೊದಲನೆಯದರಲ್ಲಿ ಹೊಂದುವುದಿಲ್ಲ, ಆ ಹೊಂದದಿರುವಿಕೆಯಲ್ಲೇ ಒಬ್ಬ ಅಣ್ಣನ ಸಂಕಟ ಕೇಳಿಸುತ್ತದೆ. ಇಲ್ಲಿ ಅಭಿನಯವನ್ನು ಪುನೀತ್ ತಾವೇ ಮಾಡಿಹೋಗಿದ್ದರು ಎಂಬುದು 2016ರ ಪ್ರಯತ್ನಕ್ಕೂ ಇದಕ್ಕೂ ಇರುವ ದೊಡ್ಡ ಅಂತರ.

ಇನ್ನೊಂದು ಸಂಗತಿ. ಪುಟ್ಟಣ್ಣ ಕಣಗಾಲ್ 1972ರಲ್ಲಿ ನಿರ್ದೇಶಿಸಿದ ಮೂಲ ‘ನಾಗರಹಾವು’ 2018ರ ಜುಲೈನಲ್ಲಿ ಮತ್ತೆ ತೆರೆಗೆ ಬಂತು. ಅದಕ್ಕೂ ಕಂಪ್ಯೂಟರನ್ನೇ ಬಳಸಿದ್ದರು: ಚಿತ್ರವನ್ನು ಹಸನುಗೊಳಿಸಿ, ಶಬ್ದವನ್ನು ಹೊಸಕಾಲಕ್ಕೆ ಹೊಂದಿಸಿ, ತೆರೆಯನ್ನು ಅಗಲಗೊಳಿಸಿದ್ದರು. ರಾಮಾಚಾರಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಚಿತ್ರದುರ್ಗದ ಬಂಡೆಗಳ ಮೇಲೆ ಆ ತರುಣ ಅದೇ ಸಿಡುಕಿನಲ್ಲಿ ನಿಂತಿದ್ದ. ಜನ ಮತ್ತೆ ಸಾಲುಗಟ್ಟಿ ನೋಡಿದರು.